ಪಾವಗಡದಲ್ಲಿದ್ದ ಮೂರನೇ ಬೀಗ

"ಇಲ್ಲ ಸಾರ್, ಕೊಡಾಕಿಲ್ಲ."

ಫೋನಿನಿಂದ ಬಂದ ಆ ಮಾತು ಮ್ಯಾನೇಜರ್ ಶಂಕರಲಿಂಗಪ್ಪನವರ ಕಿವಿಗೆ ಬಿತ್ತು. ಕೋಣೆಯಲ್ಲಿದ್ದ ಮಿಕ್ಕವರ ಕಿವಿಗೂ ಬಿತ್ತು. ಪಾವಗಡದ ಬೀಜದ ಡಿಪೋ ನೋಡಿಕೊಳ್ಳುತ್ತಿದ್ದ ಜುಂಜಮ್ಮನ ಗಂಟಲು ಅಂಥದ್ದು. ಅವಳು ಡಿಪೋದಲ್ಲಿ ಕೆಮ್ಮಿದರೆ ರಾಯಚರ್ಲಿನ ಬಯಲಲ್ಲಿ ಮೇಯುತ್ತಿದ್ದ ಕುರಿಗಳು ಮನೆ ಕಡೆ ತಿರುಗುತ್ತಿದ್ದವು ಎಂದು ಅವಳ ಹಟ್ಟಿಯವರೇ ಹೇಳುತ್ತಾರೆ. ಮಧುಗಿರಿಯ ಟೆಲಿಫೋನ್ ಆಪರೇಟರು ಅವಳ ಕಾಲ್ ಬಂದರೆ ಕಿವಿಗೆ ಹಾಕಿದ್ದನ್ನು ತೆಗೆದು ಮೇಜಿನ ಮೇಲಿಟ್ಟು ಕೆಲಸ ಮಾಡುತ್ತಿದ್ದ.

"ನಾನ್ಯಾರು ಗೊತ್ತೇನಮ್ಮ?" ಶಂಕರಲಿಂಗಪ್ಪನವರು ಕೆಂಪಾದರು.

"ಗೊತ್ತಿಲ್ದೆ ಏನ್ ಸಾರ್? ಮ್ಯಾನೇಜರ್ ಸಾಹೇಬ್ರು. ದನಿ ಕೇಳ್ತಿದ್ದಂಗೇ ಎದ್ದು ನಿಂತ್ಕಂಡಿವ್ನಿ."

"ಸರಿ, ಹಾಗಾದ್ರೆ ನಂಬರ್ ಹೇಳು."

"ನಿಂತ್ಕಂಡೇ ಹೇಳ್ತಿವ್ನಿ ಸಾರ್. ಕೊಡಾಕಿಲ್ಲ. ಸರ್ವಮಂಗಳಮ್ಮನ ದನಿಗೆ ಬುಟ್ಟು ಬ್ಯಾರೆ ಯಾರ್ಗೂ ಲೇದು."

ಪತ್ತೇದಾರ ವೃಷಭೇಂದ್ರಪ್ಪ ಕಿಟಕಿಯ ಕಡೆ ತಿರುಗಿ, ಮೀಸೆಯ ಹಿಂದೆ ನಕ್ಕು, ಮತ್ತೆ ಇತ್ತ ತಿರುಗಿದ. ತಿರುಗುವ ಹೊತ್ತಿಗೆ ಮುಖ ಎಂದಿನಂತೆ ಇತ್ತು.

ಶುಕ್ರವಾರ ರಾತ್ರಿ ಯಾರೋ, ಕಂಪ್ಯೂಟರ್ ನಡೆಸುವ ಸರ್ವಮಂಗಳಾಳ ಗುಟ್ಟಿನ ಪದ ಒತ್ತಿ, ಮಧುಗಿರಿಯ ಬೀಜದ ಸಂಘದ ಕಂಪ್ಯೂಟರಿನೊಳಗೆ ಹೊಕ್ಕಿದ್ದರು. ಮೊಳಕೆಯೊಡೆಯದ ಕಡಲೆಕಾಯಿ ಬೀಜವನ್ನು 'ಬಿತ್ತನೆಗೆ ಯೋಗ್ಯ' ಎಂದು ಬರೆದು, ಯೋಗ್ಯವಾದದ್ದನ್ನು 'ಗಾಣಕ್ಕೆ' ಎಂದು ತಿರುವಿ ಹಾಕಿದ್ದರು. ಮಳೆ ಬೀಳುವ ಮುಂಚೆ ಇದು ಸರಿಹೋಗದಿದ್ದರೆ ನಾಲ್ಕು ತಾಲ್ಲೂಕಿನ ರೈತರು ಹೊಲಕ್ಕೆ ಸತ್ತ ಬೀಜ ಹಾಕಬೇಕು. ಬದುಕಿದ ಬೀಜ ಹಿಂದೂಪುರದ ಯಾವನೋ ಸಾಹುಕಾರನ ಕೈಯಲ್ಲಿ ಎರಡು ಪಟ್ಟು ಬೆಲೆಗೆ ಮಾರಾಟವಾಗಬೇಕು. ಸರ್ವಮಂಗಳಾ ಜೈಲಿಗೆ ಹೋಗಬೇಕು. ಗುಟ್ಟಿನ ಪದ ಗೊತ್ತಿದ್ದದ್ದು ಅವಳೊಬ್ಬಳಿಗೇ ತಾನೇ?

ಇವತ್ತು ಸೋಮವಾರ. ನಿರ್ದೇಶಕರ ಸಭೆ ಕೂತಿತ್ತು. ಸಭೆ ಏಳುವುದರೊಳಗೆ ಬೇರೆ ಹೆಸರು ಬಾರದಿದ್ದರೆ ಅವಳನ್ನು ಕರೆದೊಯ್ಯಲು ಸ್ಟೇಷನ್ನಿನಿಂದ ಒಬ್ಬ ಪೇದೆ ಬಂದು, ವರಾಂಡದ ಬೆಂಚಿನ ಮೇಲೆ ಕೂತು, ಸಂಘದ ಖರ್ಚಿನಲ್ಲಿ ಕಾಫಿ ಕುಡಿಯುತ್ತಿದ್ದ.

"ಏನ್ರೀ ಇದು ನಿಮ್ಮ ವ್ಯವಸ್ಥೆ?" ಶಂಕರಲಿಂಗಪ್ಪನವರು ಫೋನ್ ಕುಕ್ಕಿದರು. "ನನ್ನ ಆಫೀಸು, ನನ್ನ ಕಂಪ್ಯೂಟರು. ನನಗೇ ಪ್ರವೇಶ ಇಲ್ಲವಾ?"

"ಮೂರು ಬೀಗ ಸಾರ್," ಎಂದ ವೃಷಭೇಂದ್ರಪ್ಪ ತಣ್ಣಗೆ. "ಒಂದು ಕೈಯಲ್ಲಿರೋದು, ಯಂತ್ರದ ಚಾವಿ. ಒಂದು ತಲೆಯಲ್ಲಿರೋದು, ಗುಟ್ಟಿನ ಪದ. ಶುಕ್ರವಾರ ಇವೆರಡೇ ಇದ್ವು, ಎರಡೂ ಕಳ್ಳನ ಪಾಲಾದ್ವು. ಅದಕ್ಕೇ ಮೂರನೇದನ್ನ ಪಾವಗಡದಲ್ಲಿ ಇಟ್ಟೆ. ಯಂತ್ರವೇ ತನ್ನಿಷ್ಟಕ್ಕೆ ಒಂದಷ್ಟು ನಂಬರು ಅಚ್ಚು ಹಾಕ್ತು. ನೋಡದೆ ಅರಗು ಹಾಕಿ ಬಸ್ಸಲ್ಲಿ ಕಳಿಸಿದ್ವಿ. ಈಗ ಅದು ಜುಂಜಮ್ಮನ ಎಲಡಿಕೆ ಚೀಲದಲ್ಲಿದೆ. ಒಳಗೆ ಹೋಗೋ ಪ್ರತಿ ಸಲಾನೂ ಒಂದು ಹೊಸ ನಂಬರು ಬೇಕು. ಒಂದ್ಸಲ ಒತ್ತಿದ ನಂಬರು ಮತ್ತೆ ನಡೆಯಲ್ಲ."

"ಶಿವಾ ಶಿವಾ," ಎಂದರು ಬಾಗಿಲಲ್ಲಿ ನಿಂತಿದ್ದ ಗೋಡೌನ್ ಇನ್‌ಚಾರ್ಜ್ ರೇಣುಕಯ್ಯ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ತುಟಿ ಮುಚ್ಚುವಷ್ಟು ಮೀಸೆ. "ಸರ್ವಮಂಗಳಮ್ಮನ ದನಿಗೆ ಮಾತ್ರ ಅನ್ನಿ. ಪಾಪ, ಆ ಮಗೂನೇ ಕಳ್ಳಿ ಅಂತಿದ್ದಾರೆ, ಅವಳ ಕೈಗೇ ಕೊಟ್ರಾ?"

"ಅವಳು ಕಳ್ಳಿ ಆಗಿದ್ರೆ ಇನ್ನೊಂದ್ಸಲ ಕದೀಲಿ ಬುಡಿ, ಹಿಡಿಯೋಕೆ ಸುಲಭ," ಎಂದ ವೃಷಭೇಂದ್ರಪ್ಪ.

*

ವರಾಂಡದಲ್ಲಿ ಸರ್ವಮಂಗಳಾ ಕಂಬಕ್ಕೆ ಒರಗಿ ನಿಂತಿದ್ದಳು. ಕೊರಟಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ. ಬೆಂಗಳೂರಿನಲ್ಲಿ ಕಂಪ್ಯೂಟರು ಕಲಿತು ಬಂದಾಗ ಊರಿನವರು ಅವಳ ಕಣ್ಣು ಪರೀಕ್ಷೆ ಮಾಡಿಸಿದ್ದರು, ಟಿವಿಯಂಥದ್ದನ್ನು ಅಷ್ಟು ಹತ್ತಿರದಿಂದ ನೋಡಬಾರದೆಂದು.

"ಸಾರ್, ಇವತ್ತು ಪೊಲೀಸ್ ಜೀಪು ಹತ್ತಿದ್ರೆ ಮುಗೀತು," ಎಂದಳು. "ಆಮೇಲೆ ನಿರಪರಾಧಿ ಅಂತ ಬಿಟ್ರೂ ಯಾವ ಆಫೀಸಿನೋರು ಕಂಪ್ಯೂಟರ್ ಮುಟ್ಟೋಕೆ ಬಿಡ್ತಾರೆ?"

"ಜೀಪಲ್ಲ ಕಣಮ್ಮ, ಆ ಪೇದೆ ಸೈಕಲ್ಲಲ್ಲಿ ಬಂದವ್ನೆ."

"ಇನ್ನೂ ಚೆನ್ನಾಯ್ತು. ಬಜಾರೆಲ್ಲ ನೋಡ್ಲಿ, ಸೈಕಲ್ ಹಿಂದೆ ನಡ್ಕೊಂಡು ಹೋಗ್ತೀನಿ."

ಅಳುವ ಹೊತ್ತಿನಲ್ಲೂ ಎದುರುತ್ತರ ಕೊಡುವವರನ್ನು ಕಂಡರೆ ವೃಷಭೇಂದ್ರಪ್ಪನಿಗೆ ಗೌರವ. ಅವನು ಕೋಟಿನ ಜೇಬಿನಿಂದ ಬಾಳೆಎಲೆಯ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಒಣಗಿದ ಅರಿಶಿನದ ಮುದ್ದೆ.

"ಇದು ಯಾರು ಹೇಳು?"

"ಬೆನಕಪ್ಪ ಸಾರ್. ಶುಕ್ರವಾರ ಯಂತ್ರದ ಪೂಜೆಗೆ ಮಾಡ್ತಾರಲ್ಲ."

"ಪೂಜೆ ಆದ್ಮೇಲೆ ಹಿತ್ತಲ ತುಂಬೆಗಿಡದ ಬುಡಕ್ಕೆ ಬಿಟ್ಟಿದ್ರು. ನೆನ್ನೆ ಎತ್ಕೊಂಡು ಬಂದೆ. ಅವನ ಬೆನ್ನು ನೋಡು."

ಬೆನಕನ ಬೆನ್ನಿನ ಮೇಲೆ ಸಣ್ಣ ಉಂಗುರದಂಥ ಗುರುತು. ಉಂಗುರದ ಸುತ್ತ ಹಲ್ಲುಹಲ್ಲಾಗಿ ಕಚ್ಚಿದ ಹಾಗೆ. ಕಂಪ್ಯೂಟರಿನ ಚಾವಿಯ ಬಾಯಿ ದುಂಡಗೆ. ಅಂಥ ಚಾವಿ ಇಡೀ ಮಧುಗಿರಿಯಲ್ಲಿ ಒಂದೇ ಇದ್ದದ್ದು.

ಸರ್ವಮಂಗಳಾ ಕೊರಳ ದಾರಕ್ಕೆ ಕೈ ಹಾಕಿದಳು. "ಚಾವಿ ನಾನು ಯಾರಿಗೂ ಕೊಡಲ್ಲ ಸಾರ್. ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ."

"ಶುಕ್ರವಾರ ಮಂಗಳಾರತಿ ತಟ್ಟೆಗೆ?"

ಅವಳು ದಾರದಿಂದ ಕೈ ತೆಗೆದಳು. ಪ್ರತಿ ಶುಕ್ರವಾರ ಯಂತ್ರಕ್ಕೆ ಪೂಜೆ ಆಗಲೇಬೇಕು, ಚಾವಿ ತಟ್ಟೆಯಲ್ಲಿ ಇರಲೇಬೇಕು. ಕಳ್ಳನಿಗೆ ಚಾವಿ ಕೊಡಬಾರದೆಂದು ಅವಳಿಗೆ ಗೊತ್ತಿತ್ತು. ದೇವರಿಗೆ ಕೊಡಬಾರದೆಂದು ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

"ಆದ್ರೆ ಸಾರ್, ಪದ? ಅದು ನನ್ನ ತಲೆಯಲ್ಲಿದೆ. ತಲೇನ ತಟ್ಟೇಲಿ ಇಟ್ಟಿರಲಿಲ್ಲ."

"ಬೆರಳು ಇಟ್ಟಿದ್ಯಲ್ಲ. ಪೂಜೆ ಮುಗಿದ ತಕ್ಷಣ ಏನ್ ಮಾಡ್ತೀಯ?"

"ಶುಭವಾಗ್ಲಿ ಅಂತ ಪದ ಒತ್ತಿ ಯಂತ್ರ ಶುರು ಮಾಡ್ತೀನಿ. ಅಷ್ಟೊತ್ತಿಗೆ ಪ್ರಸಾದ ಅಂತ ಕರೀತಾರೆ, ಎದ್ದು ಹೋಗ್ತೀನಿ."

"ಒತ್ತೋ ಗುಂಡಿಗಳ ಮೇಲೆಲ್ಲಾ ವಿಭೂತಿ ಉದುರಿಸಿರ್ತಾರೆ. ನಿನ್ನ ಬೆರಳು ಬಿದ್ದ ಕಡೆ ಮಾತ್ರ ಅಳಿಸಿರುತ್ತೆ. ಶನಿವಾರ ನಾನು ನೋಡೋವಾಗ್ಲೂ ಸಂದಿನಲ್ಲಿ ಬೂದಿ ಹಂಗೇ ಇತ್ತು. ಅಳಿಸಿದ ಅಕ್ಷರಗಳನ್ನ ಹಿಂದೆಮುಂದೆ ಜೋಡಿಸಿದ್ರೆ ನಿಮ್ಮ ಮನೆದೇವರು ಸಲೀಸಾಗಿ ಎದ್ದು ಬಂದ. ನನಗೇ ಬಂದ ಅಂದ್ಮೇಲೆ ದಿನಾ ದೇವರ ಹೆಸರು ಹೇಳೋನಿಗೆ ಬರದೇ ಇರ್ತಾನಾ?"

"ರೇಣು..." ಎಂದು ಅವಳು ಬಾಯಿ ಮುಚ್ಚಿಕೊಂಡಳು. ಅರಿಶಿನ ಕಲಸುವವರು, ವಿಭೂತಿ ಉದುರಿಸುವವರು, ಪ್ರಸಾದಕ್ಕೆ ಕೂಗುವವರು ಎಲ್ಲಾ ಒಬ್ಬರೇ. "ಹಾಗಾದ್ರೆ ಹೋಗಿ ಹೇಳಿ ಸಾರ್!"

"ಹೇಳಿದ್ರೆ ಏನಂತಾರೆ? ಬೆನಕಪ್ಪನ ಬೆನ್ನು ನೋಡಿ ಭಕ್ತನ್ನ ಹಿಡಿದ ಮೂದೇವಿ ಅಂತಾರೆ. ಕೈಯಲ್ಲಿ ಚಾವಿ ಇರೋವಾಗ್ಲೇ ಸಿಗಬೇಕು. ಗಾಣಕ್ಕೆ ಅಂತ ಬರೆದ ಮೂಟೆ ಗೇಟು ದಾಟಬೇಕು ಅಂದ್ರೆ ಕಂಪ್ಯೂಟರಿಂದ ಚೀಟಿ ಬರಬೇಕು. ಅದಕ್ಕೆ ಅವನು ಇನ್ನೊಂದ್ಸಲ ಒಳಗೆ ಹೋಗಲೇಬೇಕು. ಅದಕ್ಕೇ ನಿನ್ನ ಹಳೇ ಪದ ಬದಲಾಯಿಸಬೇಡ ಅಂದಿದ್ದು. ನೀನೀಗ ಒಳಗೆ ಬಂದು ನಿರ್ದೇಶಕರ ಮುಂದೆ ಕೂತ್ಕೋ. ಏನೇ ಆದ್ರೂ ಕುರ್ಚಿ ಬಿಟ್ಟು ಏಳಬೇಡ."

*

ಸಭೆಯ ಕೋಣೆಯಲ್ಲಿ ಅಧ್ಯಕ್ಷ ದೊಡ್ಡರಂಗಯ್ಯನವರು ಉಪ್ಪಿಟ್ಟು ತಿನ್ನುತ್ತಾ ನ್ಯಾಯ ಹೇಳುತ್ತಿದ್ದರು. ಅವರಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಅದರ ಕೋಣೆಯಲ್ಲಿ ಏಸಿ ಇದೆ. ಬೇಸಿಗೆಯಲ್ಲಿ ಸಭೆಯನ್ನು ಅಲ್ಲೇ ನಡೆಸಿ, ಎಲ್ಲರೂ ಮೂಗು ಸೋರಿಸಿಕೊಂಡು ಹೊರಗೆ ಬರುತ್ತಿದ್ದರು.

"ವಿಚಾರಣೆಗೆ ಎಲ್ಲರೂ ಇಲ್ಲೇ ಇರಬೇಕು," ಎಂದು ವೃಷಭೇಂದ್ರಪ್ಪ ವರಾಂಡಕ್ಕೆಲ್ಲ ಕೇಳುವಂತೆ ಹೇಳಿದ್ದ. "ಪೇದೆಯೂ ಒಳಗೆ ಬರಲಿ. ಕಂಪ್ಯೂಟರ್ ಕೋಣೆ ಹತ್ತಿರ ಯಾರೂ ಬೇಡ, ಬೀಗ ಮೂರಿದೆಯಲ್ಲ!"

ರೇಣುಕಯ್ಯ ಮಾತ್ರ ಗೋಡೌನಿನಲ್ಲಿ ತೂಕ ನೋಡಬೇಕೆಂದು ಹೋಗಿದ್ದರು.

ವಿಚಾರಣೆ ಶುರುವಾಯಿತು. ವೃಷಭೇಂದ್ರಪ್ಪ ಸರ್ವಮಂಗಳಾಳನ್ನು ಅವಳ ಹೆಸರು ಕೇಳಿದ, ತಂದೆಯ ಹೆಸರು ಕೇಳಿದ, ಕೊರಟಗೆರೆ ಬಸ್ಸಿನಲ್ಲಿ ಸೀಟು ಸಿಗುತ್ತದೆಯೇ ಎಂದು ಕೇಳಿದ. ಆಮೇಲೆ ಮತ್ತೆ ಹೆಸರು ಕೇಳಿದ. ಉಪ್ಪಿಟ್ಟು ಮುಗಿಯಿತು. ಕಾಫಿ ಬಂತು.

ಮೂಲೆಯ ಸ್ಟೂಲಿನ ಮೇಲೆ ಸಂಘದ ಎರಡನೇ ಫೋನು ಬೆಕ್ಕಿನ ಹಾಗೆ ಮಲಗಿತ್ತು.

"ಆಯ್ತೇನ್ರೀ?" ಶಂಕರಲಿಂಗಪ್ಪನವರು ಆಕಳಿಸಿದರು. "ಬಸ್ಸಿನ ಸೀಟಿಗೂ ಬೀಜಕ್ಕೂ ಏನು ಸಂಬಂಧ?"

"ಎರಡೂ ಸಿಗೋದಿಲ್ಲ ಸಾರ್," ಎಂದ ವೃಷಭೇಂದ್ರಪ್ಪ. ಆದರೆ ಅವನ ಕೊರಳ ಹತ್ತಿರ ಬೆವರು ಇಳಿಯಲು ಶುರುವಾಗಿತ್ತು. ಕಳ್ಳ ಇವತ್ತು ಧೈರ್ಯ ಮಾಡದಿದ್ದರೆ?

ದೊಡ್ಡರಂಗಯ್ಯನವರು ಕೈ ಒರೆಸಿಕೊಂಡರು. "ಏನವ್ವಾ, ಇನ್ನೇನು ಹೇಳಾದೈತಾ? ಇಲ್ದಿದ್ರೆ ಏಳು. ಪೇದೆ, ಕರ್ಕೊಂಡೋಗಪ್ಪಾ."

ಪೇದೆ ಎದ್ದ. ಸರ್ವಮಂಗಳಾ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ವೃಷಭೇಂದ್ರಪ್ಪನನ್ನೇ ನೋಡುತ್ತಾ, ಕೂತಲ್ಲೇ ಕೂತಳು.

"ಏಳವ್ವಾ ಅಂದೆ."

ಫೋನು ಬಡಿದುಕೊಂಡಿತು.

ಶಂಕರಲಿಂಗಪ್ಪನವರು ಎತ್ತಿದರು. ಎತ್ತುವ ಅಗತ್ಯವೇ ಇರಲಿಲ್ಲ.

"ಸರ್ವಮಂಗಳಮ್ಮಾ! ನಾನು ಜುಂಜಿ! ಈಗ್ತಾನೆ ನಂಬರು ಕೇಳಿದ್ರಲ್ಲ. ವೃಷಭೇಂದ್ರಪ್ಪ ಸಾರ್ ಮಾಡಿರೋ ರೂಲಿನಂಗೆ ಪೋನ್ ಮಡಗಿ, ನಾನೇ ವಾಪಸ್ ಮಾಡಿವ್ನಿ, ಸಭೆ ರೂಮಿನ ನಂಬರಿಗೆ! ಹೇಳ್ಲಾ?"

ದೊಡ್ಡರಂಗಯ್ಯನವರು ಸರ್ವಮಂಗಳಾಳನ್ನು ನೋಡಿದರು. ಫೋನನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು.

"ಈ ಹುಡ್ಗಿ ಇಲ್ಲೇ ಕುಂತವ್ಳಲ್ಲ! ಜುಂಜಮ್ಮಾ, ಯಾರು ಕೇಳಿದ್ದು ನಿನ್ನ?"

"ಸರ್ವಮಂಗಳಮ್ಮನೇ ಸಾಮಿ! ಅದೇ ದನಿ, ಅದೇ ನಗು!"

"ಬನ್ನಿ," ಎಂದ ವೃಷಭೇಂದ್ರಪ್ಪ ಎದ್ದು. "ಆ ಇನ್ನೊಬ್ಬಳು ಸರ್ವಮಂಗಳಮ್ಮನ್ನ ನೋಡ್ಕೊಂಡು ಬರಾಣ. ಕಾಫಿ ಲೋಟ ಕೈಲೇ ಇರ್ಲಿ, ಸದ್ದು ಮಾಡಬೇಡಿ."

ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದವರು ಅಲ್ಲೇ ನಿಂತರು. ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ ಅಚ್ಚುಕಟ್ಟಾಗಿ ಬಿಟ್ಟಿತ್ತು. ದೊಡ್ಡ, ಹಿಮ್ಮಡಿ ಸವೆದ, ಟೈರಿನ ಚಪ್ಪಲಿ. ಕದಿಯಲು ಬಂದವನೂ ಯಂತ್ರವಿರುವ ಕೋಣೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ಮನಸ್ಸು ಒಪ್ಪದೆ, ಬಿಟ್ಟು ಹೋಗಿದ್ದ. ಪೇದೆ ಅದನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ. ಅವನ ಇಡೀ ಸರ್ವೀಸಿನಲ್ಲಿ ಸಾಕ್ಷಿ ತಾನಾಗಿ ಬಾಗಿಲಿಗೆ ಬಂದು ನಿಂತದ್ದು ಅದೇ ಮೊದಲು.

ಒಳಗಿನಿಂದ ಹೆಣ್ಣು ದನಿ ಕೇಳುತ್ತಿತ್ತು. ಮೆತ್ತಗೆ, ಸ್ವಲ್ಪ ಮೂಗಿನಲ್ಲಿ, ಥೇಟ್ ಸರ್ವಮಂಗಳಾ.

"ಹಲೋ... ಜುಂಜಕ್ಕಾ? ಹಲೋ... ಕಟ್ಟಾಯ್ತೇನೇ ಅಕ್ಕಾ?"

ಸರ್ವಮಂಗಳಾ ತನ್ನ ಗಂಟಲನ್ನೇ ಮುಟ್ಟಿ ನೋಡಿಕೊಂಡಳು.

ವೃಷಭೇಂದ್ರಪ್ಪ ಬಾಗಿಲು ತಳ್ಳಿದ. ಕಂಪ್ಯೂಟರಿನ ಮುಂದೆ ರೇಣುಕಯ್ಯ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಸೊಂಟದ ಮೇಲೆ, ಕತ್ತು ಒಂದು ಕಡೆಗೆ ವಾಲಿಸಿ, ಆ ಮೀಸೆಯ ಅಡಿಯಿಂದ ಆ ದನಿ.

"ಕಟ್ಟಾಗಿಲ್ಲ ಕಣಮ್ಮ," ಎಂದ ವೃಷಭೇಂದ್ರಪ್ಪ. "ಲೈನು ಇಲ್ಲಿಗೇ ಬಂತು."

ಫೋನು ರೇಣುಕಯ್ಯನ ಕೈಯಿಂದ ಜಾರಿ ತಂತಿಗೆ ನೇತಾಡಿತು.

"ಶಿವಾ ಶಿವಾ! ನಾನು ಪೂಜೆಗೆ ಬಂದಿದ್ದೆ," ಎಂದ. ಗಾಬರಿಯಲ್ಲಿ ಅರ್ಧ ಮಾತು ಸರ್ವಮಂಗಳಾಳ ದನಿಯಲ್ಲೇ ಬಂತು.

"ಯಂತ್ರದ ಪೂಜೆ ಶುಕ್ರವಾರ ಅಲ್ವಾ ರೇಣುಕಯ್ಯನವರೇ?"

"ಸೋಮವಾರ ಶಿವನ ವಾರ."

"ಅದಕ್ಕೆ ಶಿವನಿಗೆ ಟ್ರಂಕ್ ಕಾಲ್ ಮಾಡ್ತಿದ್ರಾ?"

ದೊಡ್ಡರಂಗಯ್ಯನವರ ಮೂಗಿನಿಂದ ಕಾಫಿ ಬಂತು.

ಯಂತ್ರಕ್ಕೆ ಸಿಕ್ಕಿಸಿದ್ದ ಚಾವಿಯನ್ನು ವೃಷಭೇಂದ್ರಪ್ಪ ಎಳೆದು ತೆಗೆದ. ಸರ್ವಮಂಗಳಾ ತನ್ನ ಕೊರಳಿನ ಚಾವಿಯನ್ನು ಎತ್ತಿ ತೋರಿಸಿದಳು. ಎರಡೂ ಒಂದೇ ಬಾಯಿ. ಬೆನಕಪ್ಪನನ್ನು ಮೇಜಿನ ಮೇಲೆ ಕೂರಿಸಿ ಬೆನ್ನಿಗೆ ಒತ್ತಿದರೆ ಎರಡೂ ಸರಿಯಾಗಿ ಕೂತವು. ಪರದೆಯ ಮೇಲೆ ಸರ್ವಮಂಗಳಾಳ ಪದ ಒಪ್ಪಿಕೊಂಡಾಗಿತ್ತು. ಅದರ ಕೆಳಗೆ ಯಂತ್ರ ನಂಬರು ಕೇಳುತ್ತಾ ಮಿಣಕ್ ಮಿಣಕ್ ಎನ್ನುತ್ತಿತ್ತು. ಎರಡು ಬೀಗ ತೆರೆದಿತ್ತು. ಮೂರನೆಯದು ಪಾವಗಡದಲ್ಲಿ ಎಲೆ ಅಡಿಕೆಯ ಜೊತೆ ಭದ್ರವಾಗಿತ್ತು.

"ಚಾಬಿ ಎಲ್ಲಿ ಮಾಡಿಸ್ದೆ ಲೇ?" ಪೇದೆ ಗದರಿದ. ಕಂಕುಳಲ್ಲಿ ಚಪ್ಪಲಿ ಇದ್ದರೆ ಎಂಥವನಿಗೂ ಧೈರ್ಯ ಬರುತ್ತದೆ.

"ಶಿರಾದಲ್ಲಿ," ಎಂದ ರೇಣುಕಯ್ಯ ನೆಲ ನೋಡುತ್ತಾ.

"ದನಿ?" ಎಂದು ಶಂಕರಲಿಂಗಪ್ಪನವರು ಕೇಳಿದರು.

"ಪ್ರಾಯದಲ್ಲಿ ಕಂಪನಿ ನಾಟಕದಲ್ಲಿದ್ದೆ ಸಾರ್. ಹೆಣ್ಣು ಪಾತ್ರ. ಮೂರು ಜಿಲ್ಲೇಲಿ ಹೆಸರು ಮಾಡಿದ್ದೆ." ಇಷ್ಟು ಹೇಳುವಾಗ ಮಾತ್ರ ಅವನ ತಲೆ ಸ್ವಲ್ಪ ಮೇಲೆದ್ದಿತ್ತು.

ಸರ್ವಮಂಗಳಾ ಮುಂದೆ ಬಂದು ಅವನೆದುರು ನಿಂತಳು. ಬೈಯುತ್ತಾಳೆಂದು ಎಲ್ಲರೂ ಕಾದರು.

"ಏಳಿ. ಅದು ನನ್ನ ಕುರ್ಚಿ," ಎಂದಳು.

ರೇಣುಕಯ್ಯ ಎದ್ದ. ಅವಳು ಸೆರಗಿನಿಂದ ಕುರ್ಚಿ ಒರೆಸಿ ಕೂತಳು. ದೊಡ್ಡರಂಗಯ್ಯನವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಟ್ಟಿದ ಮೇಲೆ ನಿರ್ದೇಶಕರೂ ತಟ್ಟಿದರು, ಪೇದೆಯೂ ಚಪ್ಪಲಿಗೆ ಚಪ್ಪಲಿ ತಟ್ಟಿದ. ಹಿತ್ತಲ ಕಡೆಯಿಂದ ಹಮಾಲಿಗಳು ಬಂದು ಕಿಟಕಿಗೆ ಮುಖ ಒತ್ತಿದರು. ಒಳಗಿನ ತಣ್ಣನೆ ಗಾಳಿಗೆ ಗಾಜಿನ ಮೇಲೆ ಅವರ ಉಸಿರು ಮಂಜಾಯಿತು.

"ಅವ್ವಾ, ಇನ್ಮೇಲೆ ಈ ರೂಮಿಗೆ ನಿನ್ನ ಕೇಳ್ದೆ ನಾನೂ ಕಾಲಿಡಾಕಿಲ್ಲ," ಎಂದರು ದೊಡ್ಡರಂಗಯ್ಯನವರು. "ಬ್ಯಾಸಿಗೇಲಿ ಮಾತ್ರ ವಸಿ ಬುಟ್ಕೋ."

ಶಂಕರಲಿಂಗಪ್ಪನವರು ಕೆಮ್ಮಿ, ಕನ್ನಡಕ ಒರೆಸಿ, "ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ," ಎಂದರು. ಏನು ಹೇಳುತ್ತಿದ್ದರೆಂದು ಯಾರೂ ಕೇಳಲಿಲ್ಲ.

"ಮೊದಲು ಬೀಜ ಸರಿ ಮಾಡಮ್ಮ," ಎಂದ ವೃಷಭೇಂದ್ರಪ್ಪ. ಅವನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿಗೆ ಕಾಣುವಷ್ಟು ದೊಡ್ಡದಾಗಿ 'ಗುಟ್ಟಾಗಿ ಪತ್ತೆ ಮಾಡಿಕೊಡಲಾಗುವುದು' ಎಂದು ಬೋರ್ಡು ಹಾಕಿಸಿದ್ದವನಿಗೆ, ಈಗ ಅದರ ಪಕ್ಕಕ್ಕೆ ಇನ್ನೊಂದು ಬೋರ್ಡು ಬೇಕೆನಿಸಿತ್ತು.

ಸರ್ವಮಂಗಳಾ ತನ್ನ ಚಾವಿ ತಿರುಗಿಸಿದಳು. ಪದ ಒತ್ತಿದಳು. ಫೋನು ಮಾಡಿದಳು. ಇಟ್ಟಳು. ಸಭೆಯ ಕೋಣೆಯಲ್ಲಿ ಫೋನು ಬಡಿದುಕೊಂಡಿತು, ವೃಷಭೇಂದ್ರಪ್ಪ ಹೋಗಿ ಎತ್ತಿ "ಇದು ಅಸಲಿ ಕಣಮ್ಮ, ಹೇಳು" ಎಂದ. ಜುಂಜಮ್ಮ ಕೂಗಿದ ನಂಬರು ಅವನ ಬಾಯಿಂದ ಬರುವ ಮುಂಚೆಯೇ ಸರ್ವಮಂಗಳಾಳ ಬೆರಳಿಗೆ ಬಂದಿತ್ತು.

ಯಂತ್ರ ಪೀಂ ಎಂದು ತೆರೆಯಿತು. ಮತ್ತೆ ಚಪ್ಪಾಳೆ.

ಅವಳು ಬಿತ್ತನೆ ಬೀಜದ ಮೂಟೆಗಳ ಪುಟ ತೆಗೆದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅವಳ ಕೈ ನಿಂತಿತು.

"ಸಾರ್... ಒಳ್ಳೇ ಬೀಜ ಗೋಡೌನಲ್ಲಿ ಇಲ್ಲ."

"ಇಲ್ಲ ಅಂದ್ರೆ?"

"ಚೀಟಿ ಆಗಿದೆ. ಗೇಟು ದಾಟಿದೆ ಅಂತಿದೆ. ಇವತ್ತೇ, ಆಫೀಸು ತೆಗೆಯೋ ಮುಂಚೆ." ಅವಳು ಪರದೆಗೆ ಬೆರಳಿಟ್ಟಳು. "ಸಾರ್, ಒಂದು ನಂಬರು ಆಗಲೇ ಖರ್ಚಾಗಿದೆ. ಸರಿಯಾದ ನಂಬರು."

ಹಿಂದಿನಿಂದ ಒಂದು ಕೂಗು ಬಂತು. ಈ ಸಲ ಗಂಡಸಿನದೇ ದನಿ, ಸ್ವಂತದ್ದು. ರೇಣುಕಯ್ಯ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ.

"ಅಯ್ಯೋ, ನನಗೂ ಕೈ ಕೊಟ್ಬುಟ್ನಲ್ಲ! ಇನ್ನೊಂದು ಚಾವಿ ಮಾಡಿಸ್ಕೊಟ್ಟಿದ್ದೇ ತಪ್ಪಾಯ್ತು!"

"ಯಾರಿಗೆ?" ವೃಷಭೇಂದ್ರಪ್ಪ ಅವನ ರಟ್ಟೆ ಹಿಡಿದ. "ಯಾರಿಗೆ ಮಾಡಿಸ್ಕೊಟ್ಟೆ?"

ರೇಣುಕಯ್ಯನ ಕಣ್ಣು ಕೋಣೆಯಲ್ಲಿ ಒಂದು ಸುತ್ತು ಸುತ್ತಿ, ಎಲ್ಲೋ ಒಂದು ಕಡೆ ನಿಂತು, ಮುಚ್ಚಿಕೊಂಡಿತು. ತುಟಿಯೂ ಮುಚ್ಚಿತು.

ವೃಷಭೇಂದ್ರಪ್ಪ ಸಭೆಯ ಕೋಣೆಗೆ ಓಡಿದ. ಎಲ್ಲರೂ ಹಿಂದೆ ಓಡಿದರು, ಪೇದೆ ರೇಣುಕಯ್ಯನ ಕೈ ಹಿಡಿದುಕೊಂಡೇ. ಜುಂಜಮ್ಮ ಇನ್ನೂ ಲೈನಿನಲ್ಲೇ ಇದ್ದಳು, ಆಪರೇಟರ್ ಜೊತೆ ಜಗಳವಾಡುತ್ತಾ.

"ಜುಂಜಮ್ಮ! ಬೆಳಿಗ್ಗೆ ಯಾರಿಗಾದ್ರೂ ನಂಬರು ಕೊಟ್ಟಿದ್ಯಾ?"

"ಏಮಿ ಸಾರ್ ಇಂಗ್ ಕೇಳ್ತೀರಾ?" ಅವಳ ದನಿ ಕೋಣೆಯ ತುಂಬ, ವರಾಂಡದ ತುಂಬ, ಪೇದೆಯ ಕಿವಿಯ ತುಂಬ ಹರಡಿತು. "ಕೇಳಿದ್ದೂ ನೀವೇ. ವಾಪಸ್ ಮಾಡ್ದಾಗ ಸಭೆ ರೂಮಲ್ಲಿ ಎತ್ತಿದ್ದೂ ನೀವೇ. ಸರ್ವಮಂಗಳಮ್ಮನ ದನಿ ಬೇಕಲ್ಲ ಸಾರ್ ಅಂದೆ. 'ರೂಲು ಮಾಡಿದೋನೇ ನಾನು ಕಣಮ್ಮ, ಕೊಟ್ಬುಡು' ಅಂದ್ರಿ. ನಿಮ್ಗೆ ಹೆಂಗ್ ಸಾರ್ ಇಲ್ಲ ಅನ್ನಾದು?"

ಬೆಳಿಗ್ಗೆ ಪಾವಗಡಕ್ಕೆ ಫೋನೇ ಮಾಡಿರದ ವೃಷಭೇಂದ್ರಪ್ಪ ಅದನ್ನು ಕೆಳಗಿಟ್ಟು ತಿರುಗಿದ.

ಪೇದೆ ಕಂಕುಳಿನ ಚಪ್ಪಲಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ರೇಣುಕಯ್ಯನ ಕೈ ಬಿಟ್ಟು, ಎರಡು ಹೆಜ್ಜೆ ಮುಂದೆ ಬಂದ.

"ಸಾರ್," ಎಂದ, ಬಹಳ ಮರ್ಯಾದೆಯಿಂದ. "ಆ ಬೀಜ ಎಲ್ಲಿಗೆ ಕಳಿಸಿದ್ರಿ?"